ಲೇಹ್‌ಗೆ ನಾವು, ದೆಹಲಿಗೆ ಅತ್ತಿಗೆ

“ಇದಕ್ಕೆ ಮೊದಲು ಎಷ್ಟು ಎತ್ತರದ ಜಾಗಕ್ಕೆ ಹೋಗಿದ್ದೀರಿ?” ಎಂದು ಡಾಕ್ಟರು ಕೇಳಿದರು.

ನಮ್ಮ ಮನೆಯವರು ಒಂದು ಕ್ಷಣ ಯೋಚಿಸಿ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಗಾಂಭೀರ್ಯದಿಂದ ಉತ್ತರಿಸಿದರು. “ಚಾಮುಂಡಿ ಬೆಟ್ಟ.”

ಅದು ಎಲ್ಲಿದೆಯೆಂದು ಡಾಕ್ಟರಿಗೆ ತಿಳಿಯಲಿಲ್ಲ. ಹಿಮಾಚಲದಲ್ಲೋ ಉತ್ತರಾಖಂಡದಲ್ಲೋ ಇರಬೇಕೆಂದುಕೊಂಡು ಬರೆದುಕೊಳ್ಳತೊಡಗಿದರು. ನಾನು ತಿದ್ದಲೇಬೇಕಾಯಿತು. “ಅದು ಮೈಸೂರಿನಲ್ಲಿದೆ ಡಾಕ್ಟರ್ ಸಾಹೇಬ್. ಮೇಲಿನವರೆಗೂ ಬಸ್ಸು ಹೋಗುತ್ತದೆ.”

ಅವರು ಪೆನ್ನನ್ನು ಕೆಳಗಿಟ್ಟರು.

“ದೆಹಲಿಗೆ ಬಂದು ಎಷ್ಟು ವರ್ಷವಾಯಿತು?”

“ಇಪ್ಪತ್ತಾರು.”

“ಶಿಮ್ಲಾ ನೋಡಿಲ್ಲವೇ? ಮಸೂರಿ? ನೈನಿತಾಲ್?”

“ಇಲ್ಲ.”

“ಹೋಗಲಿ, ಹರಿದ್ವಾರ?”

“ಸ್ಟೇಷನ್‌ವರೆಗೆ ಹೋಗಿದ್ದೇನೆ,” ಎಂದರು ನಮ್ಮ ಮನೆಯವರು. “ನಮ್ಮ ಚಿಕ್ಕಪ್ಪ ಕನ್ನಡಕ ಮರೆತು ಯಾತ್ರೆಗೆ ಹೊರಟುಬಿಟ್ಟಿದ್ದರು. ಕೊಟ್ಟು, ಮುಂದಿನ ರೈಲಿಗೆ ವಾಪಸ್ ಬಂದೆ.”

ಡಾಕ್ಟರು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. “ಫಿರ್ ಇತ್ನೇ ಸಾಲ್ ಆಪ್ ಲೋಗ್ ಕರ್ ಕ್ಯಾ ರಹೇ ಥೇ?”

ಇಷ್ಟು ವರ್ಷ ನೀವು ಮಾಡುತ್ತಿದ್ದುದಾದರೂ ಏನು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಅಲ್ಲಿ ಉತ್ತರ ಹೇಳುವಷ್ಟು ವ್ಯವಧಾನವಿರಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ನಾವು ಬೇರೆಯವರನ್ನು ಕಳುಹಿಸಿಕೊಡುತ್ತಿದ್ದೆವು.

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಮನೆಯೆಂದರೆ ಅರ್ಧ ಮನೆ, ಅರ್ಧ ಛತ್ರ. (ಇದನ್ನು ಓದಿ ಮಯೂರ್ ವಿಹಾರದಿಂದ ಜನಕಪುರಿಯವರೆಗೆ ಎಷ್ಟು ತಲೆಗಳು ಅಲ್ಲಾಡುತ್ತಿವೆ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತಿದೆ.) ಏಪ್ರಿಲ್ ಮುಗಿಯುತ್ತಿದ್ದಂತೆಯೇ ಫೋನು ಬಡಿದುಕೊಳ್ಳಲು ಶುರು. “ಬದರಿ-ಕೇದಾರಕ್ಕೆ ಹೊರಟಿದ್ದೀವಿ. ಬರೀ ಆರು ಜನ.” ಆ ‘ಬರೀ’ ಎಂಬುದನ್ನು ಗಮನಿಸಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಆರು ಜನ ಎಂದರೆ ಕೂಲರಿನ ಮುಂದೆ ಆರು ಹಾಸಿಗೆ, ಬಾತ್‌ರೂಮಿನ ಮುಂದೆ ಬೆಳಗಿನ ಸಾಲು, ಹೊರಡುವ ದಿನ ಎರಡು ಡಬ್ಬಿ ಚಪಾತಿ ಮತ್ತು ಒಂದು ಬಾಟಲಿ ಪುಳಿಯೋಗರೆ ಗೊಜ್ಜು.

ಇನ್ನು ಚಳಿಯ ಬಟ್ಟೆ. ತುಮಕೂರಿನವರಿಗೆ ಸ್ವೆಟರು ಎಲ್ಲಿಂದ ಬರಬೇಕು? ನಮ್ಮ ಮಂಚದ ಕೆಳಗಿನ ಟ್ರಂಕಿನಿಂದ. ಚಳಿಗಾಲದ ಮಧ್ಯಾಹ್ನಗಳಲ್ಲಿ ಪಂಜಾಬಿ ನೆರೆಯವರ ಜೊತೆ ಹುಲ್ಲಿನ ಮೇಲೆ ಬಿಸಿಲಿಗೆ ಕುಳಿತು ನಾನು ಹೆಣೆದ ಸ್ವೆಟರುಗಳು, ಮಫ್ಲರುಗಳು, ಒಂದು ಡಜನ್ ಮಂಕಿಕ್ಯಾಪು. ಅವುಗಳಲ್ಲಿ ಒಂದು ಕಂದು ಬಣ್ಣದ ಸ್ವೆಟರು ಕೇದಾರಕ್ಕೆ ನಾಲ್ಕು ಸಲ ಹೋಗಿಬಂದಿದೆ. ಒಮ್ಮೆ ಒಗೆಯುವಾಗ ಜೇಬಿನಲ್ಲಿ ಕುದುರೆಯವನ ಚೀಟಿ ಸಿಕ್ಕಿತ್ತು. ಅದನ್ನು ಹೆಣೆದವಳು ಮಾತ್ರ ಬೆಟ್ಟದ ಬಸ್ಸುಗಳು ಹೊರಡುವ ಕಾಶ್ಮೀರಿ ಗೇಟಿನ ಬಸ್ ನಿಲ್ದಾಣವನ್ನು ದಾಟಿದವಳಲ್ಲ.

ನಮ್ಮ ರಜೆ? ಅದು ಊರಿಗೆ ಮೀಸಲು. ಸರ್ಕಾರಿ ನೌಕರರಿಗೆ ಎಲ್‌ಟಿಸಿ ಎಂಬುದೊಂದಿದೆ. ನಾಲ್ಕು ವರ್ಷಕ್ಕೊಮ್ಮೆ ‘ಭಾರತದಲ್ಲಿ ಎಲ್ಲಿಗಾದರೂ’ ಹೋಗಿಬನ್ನಿ ಎಂದು ಸರ್ಕಾರವೇ ಹೇಳುತ್ತದೆ. ನಾವು ಅದನ್ನು ‘ತುಮಕೂರಿಗೆ’ ಎಂದು ಅರ್ಥಮಾಡಿಕೊಳ್ಳುತ್ತಿದ್ದೆವು. ಒಂದು ಮದುವೆ, ಒಂದು ಮುಂಜಿ, ಒಂದು ಗೃಹಪ್ರವೇಶ. ವರ್ಷಗಳು ಹೀಗೆ ರೈಲಿನ ಕಿಟಕಿಯಲ್ಲಿ ಸರಿದುಹೋದವು.

ದೂರುತ್ತಿದ್ದೇನೆ ಎಂದು ತಿಳಿಯಬೇಡಿ. ಆ ದಿನಗಳು ನೆನಪಾದರೆ ಇವತ್ತಿಗೂ ಮೂಗಿಗೆ ಹುಳಿಪುಡಿಯ ವಾಸನೆ ಬರುತ್ತದೆ. ಸಂಜೆ ಮಹಡಿಗೆ ನೀರು ಸುರಿದು, ಬಿಸಿ ಆರಿದ ಮೇಲೆ ಚಾಪೆ ಹಾಸಿದರೆ, ಬಂದವರು ಊರಿನ ಸುದ್ದಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಯಾರ ಮಗಳು ಯಾರಿಗೆ ಒಪ್ಪಿಗೆಯಾದಳು, ಯಾರ ಮನೆಯ ಬಾವಿ ಬತ್ತಿತು, ಯಾರು ಯಾರ ಜೊತೆ ಮಾತು ಬಿಟ್ಟರು. ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ನಿಧಿ ಇಷ್ಟಾದರೂ ಕನ್ನಡ ಮಾತನಾಡುತ್ತಾಳೆಂದರೆ ಅದರ ಶ್ರೇಯಸ್ಸು ನನ್ನದಲ್ಲ. ಬದರಿ ಯಾತ್ರಿಕರದು.

ಇರಲಿ. ನಾನು ಹೇಳಹೊರಟದ್ದು ಲೇಹ್‌ನ ವಿಷಯ. (ಹಕಾರಕ್ಕೆ ಅರ್ಧ ಉಸಿರು ಕೊಟ್ಟು ‘ಲೇಹ್’ ಎಂದೇ ಬರೆಯುತ್ತೇನೆ. ಅದನ್ನು ಬಿಟ್ಟು ಬರೆದರೆ ಊರಿನ ಹೆಸರು ಹೇಳಿದಂತಾಗುವುದಿಲ್ಲ, ಯಾರನ್ನೋ ಗದರಿಸಿದಂತಾಗುತ್ತದೆ.)

ಲೇಹ್ ನನ್ನ ತಲೆಯೊಳಗೆ ಸೇರಿಕೊಂಡದ್ದು ಸ್ಟಾಫ್ ರೂಮಿನಲ್ಲಿ. ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಶಾಲೆಗೆ ಗಣಿತ ಕಲಿಸಲು ಬಂದವಳು ಪದ್ಮಾ ಆಂಗ್ಮೋ. ಲೇಹ್‌ನವಳು. ಮೇಜಿನ ಆ ಬದಿಗೆ ಅವಳು, ಈ ಬದಿಗೆ ನಾನು. ಜನವರಿಯಲ್ಲಿ ನಾನು ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ನಡುಗುತ್ತಿದ್ದರೆ ಅವಳು ಕಿಟಕಿ ತೆರೆದು, “ಏನು ಸೆಕೆ ದೀದಿ!” ಎನ್ನುತ್ತಿದ್ದಳು. ಅವಳ ಟಿಫಿನ್ ಡಬ್ಬಿಯಲ್ಲಿ ಒಣಗಿಸಿದ ಖುಬಾನಿ, ಅಂದರೆ ಏಪ್ರಿಕಾಟ್ ಹಣ್ಣು ಇರುತ್ತಿತ್ತು. ಹಣ್ಣು ತಿಂದು, ಬೀಜವನ್ನು ಪೇಪರ್‌ವೇಟಿನಿಂದ ಒಡೆದು, ಒಳಗಿನ ತಿರುಳನ್ನು ನನ್ನ ಅಂಗೈಗೆ ಹಾಕುತ್ತಿದ್ದಳು.

ಏಳನೆಯ ತರಗತಿಗೆ ನಾನು ಹಳೆಯ ವ್ಯಾಪಾರದ ಹಾದಿಗಳ ಪಾಠ ಮಾಡುತ್ತಿದ್ದೆ. ಮಧ್ಯ ಏಷ್ಯಾದ ಯಾರ್ಕಂದದಿಂದ, ಟಿಬೆಟ್ಟಿನಿಂದ, ಕಾಶ್ಮೀರದಿಂದ, ಪಂಜಾಬಿನಿಂದ ವರ್ತಕರು ಕುದುರೆ, ಚಮರೀಮೃಗಗಳ ಬೆನ್ನ ಮೇಲೆ ಉಣ್ಣೆ, ಚಹಾ, ಉಪ್ಪು ಹೇರಿಕೊಂಡು ಬಂದು ಸೇರುತ್ತಿದ್ದ ಪೇಟೆ ಲೇಹ್. ನಕ್ಷೆಯ ಮೇಲ್ತುದಿಗೆ ನನ್ನ ಕೋಲು ಸಿಗುತ್ತಿರಲಿಲ್ಲ, ಹಿಮ್ಮಡಿ ಎತ್ತಿ ತೋರಿಸಬೇಕಾಗುತ್ತಿತ್ತು. ಒಂದು ದಿನ ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡ ಆಂಗ್ಮೋ ಆಮೇಲೆ ಹೇಳಿದಳು: “ದೀದಿ, ಎಲ್ಲ ಸರಿಯಾಗಿ ಹೇಳಿದಿರಿ. ಧೂಳಿನ ವಿಷಯ ಮಾತ್ರ ಬಿಟ್ಟುಬಿಟ್ಟಿರಿ. ಬಂದು ನೋಡಿ. ನಮ್ಮ ಮಾಳಿಗೆಯ ಮೇಲೆ ನಿಂತರೆ ಅರಮನೆ ಕಾಣುತ್ತದೆ. ಒಂಬತ್ತು ಅಂತಸ್ತು. ರಾಜ ಬಿಟ್ಟುಹೋಗಿ ಎಷ್ಟೋ ಕಾಲವಾಯಿತು. ಈಗ ಗಾಳಿ ಒಂದೇ ಅದರಲ್ಲಿ ಸಂಸಾರ ಮಾಡುತ್ತಿದೆ.”

“ಮುಂದಿನ ವರ್ಷ ಬರುತ್ತೇನೆ,” ಎಂದೆ.

ಮೇ ತಿಂಗಳಲ್ಲಿ ಶಾಲೆ ಮುಚ್ಚುವ ದಿನ ಗೇಟಿನ ಬಳಿ ಇಬ್ಬರೂ ಬೀಳ್ಕೊಳ್ಳುತ್ತಿದ್ದೆವು. ಅವಳು ನಕ್ಷೆಯಲ್ಲಿ ಮೇಲಕ್ಕೆ, ನಾನು ಕೆಳಕ್ಕೆ. ಪ್ರತಿ ಸಲವೂ ಅವಳದು ಅದೇ ಮಾತು, ನನ್ನದು ಅದೇ ಉತ್ತರ. ಭವಿಷ್ಯತ್ ಕಾಲವನ್ನು ನನ್ನಷ್ಟು ಧಾರಾಳವಾಗಿ ಬಳಸಿದವರು ಕಡಿಮೆ. ಕೊನೆಗೊಂದು ವರ್ಷ ಅವಳು ಕೆಲಸ ಬಿಟ್ಟು ಊರಿಗೇ ಹೊರಟುಹೋದಳು. ಈಗ ಬೇಸಗೆಯಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾಳಂತೆ. ಹೊಸ ವರ್ಷಕ್ಕೆ ಫೋನು ಮಾಡುತ್ತಾಳೆ. ಕರೆಯುವುದನ್ನು ನಿಲ್ಲಿಸಿಲ್ಲ.

ಈ ವರ್ಷ ‘ಮುಂದಿನ ವರ್ಷ’ ಎನ್ನಲು ಬರುವಂತಿರಲಿಲ್ಲ. ಬರುವ ಫೆಬ್ರವರಿಗೆ ನಮ್ಮ ಮನೆಯವರ ನಿವೃತ್ತಿ. ಮೈಸೂರಿನಲ್ಲಿ ಪುಟ್ಟದೊಂದು ಮನೆ ಕಟ್ಟಿಸಿದ್ದೇವೆ. ಮಾರ್ಚಿಗೆ ಸಾಮಾನು ಸಾಗಿಸಬೇಕು. ದೆಹಲಿಯಿಂದ ಲೇಹ್‌ಗೆ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಇಲ್ಲಿದ್ದಾಗಲೇ ಹೋಗದವರು ಮೈಸೂರಿಗೆ ಹೋದ ಮೇಲೆ, ಮಂಡಿನೋವು ಬಂದ ಮೇಲೆ ಹೋಗುತ್ತಾರೆಯೇ? ನನಗೆ ನಂಬಿಕೆಯಿರಲಿಲ್ಲ. ಹೋದರೆ ಈ ಜೂನ್, ಇಲ್ಲದಿದ್ದರೆ ಇಲ್ಲ.

ನೋಯ್ಡಾದ ಐಟಿ ಕಂಪನಿಯಲ್ಲಿರುವ ನಿಧಿ ಇಂಟರ್ನೆಟ್ಟಿನಲ್ಲಿ ಟಿಕೆಟ್ ಮಾಡಿ, ಆಫೀಸಿನಲ್ಲಿ ಪ್ರಿಂಟ್ ತೆಗೆದುಕೊಂಡು ಬಂದಳು. ಟಿಕೆಟ್ಟೆಂದರೆ ಬರಿಯ ಹಾಳೆ! ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ, “ಸೀಲೇ ಇಲ್ವಲ್ಲ,” ಎಂದು ಮೂರು ದಿನ ಕೊರಗಿದರು. ನಾನು ಯೋಜನೆಗೆ ಕುಳಿತೆ. ಯಾವ ದಿನ ಅರಮನೆ, ಯಾವ ದಿನ ಹಳೆಯ ಪೇಟೆಯ ಮಣ್ಣಿನ ಓಣಿಗಳು, ಯಾವ ದಿನ ಸಿಂಧೂ ನದಿ. ಆಂಗ್ಮೋ ಫೋನಿನಲ್ಲಿ ನಕ್ಕಳು. “ದೀದಿ, ಮೊದಲ ಎರಡು ದಿನ ಏನೂ ಮಾಡುವ ಹಾಗಿಲ್ಲ. ಮಲಗಿರಬೇಕು, ನೀರು ಕುಡಿಯಬೇಕು, ಅಷ್ಟೇ. ಇಲ್ಲಿ ಗಾಳಿ ತೆಳು.” ಏನೂ ಮಾಡದೆ ಇರುವುದನ್ನು ಟೈಮ್‌ಟೇಬಲಿನಲ್ಲಿ ಹೇಗೆ ಬರೆಯುವುದು? ಇಡೀ ವೃತ್ತಿಜೀವನದಲ್ಲಿ ಖಾಲಿ ಪಿರಿಯಡ್ಡನ್ನು ಸಹಿಸಿದವಳಲ್ಲ ನಾನು. ಆದರೂ ಬರೆದೆ: ಸುಮ್ಮನಿರುವುದು.

ಡಾಕ್ಟರು ಬಿಪಿ ನೋಡಿ, ಮಾತ್ರೆ ಬದಲಿಸಿ, ಒಪ್ಪಿಗೆ ಕೊಟ್ಟರು. ನಮ್ಮ ಮನೆಯವರು ಉಸಿರು ಗಟ್ಟಿಯಾಗಲೆಂದು ಬೆಳಿಗ್ಗೆ ಸೊಸೈಟಿಯ ಮೆಟ್ಟಿಲುಗಳನ್ನು ಹತ್ತಿ ಇಳಿಯಲು ಶುರುಮಾಡಿದರು. ಕೆಳಗಿನ ಫ್ಲ್ಯಾಟಿನ ಶರ್ಮಾಜಿ, “ಲಿಫ್ಟ್ ಕೆಟ್ಟಿದೆಯೇ?” ಎಂದು ದಿನಾ ವಿಚಾರಿಸುತ್ತಿದ್ದರು.

ಆಗ ಬಂತು ಫೋನು.

“ವತ್ಸಲಾ, ನಾನು ಕಣಮ್ಮ.” ತುಮಕೂರಿನಿಂದ ಸರೋಜತ್ತಿಗೆ. ನಮ್ಮ ಮನೆಯವರ ಅಕ್ಕ. “ಬದರಿಗೆ ಬರ್ತಾ ಇದ್ದೀನಿ. ಜೂನ್ ಹದಿನೈದಕ್ಕೆ ದಿಲ್ಲಿ ಸೇರ್ತೀನಿ.”

“ಯಾರ್ಯಾರು ಅತ್ತಿಗೆ?”

“ಈ ಸಲ ನಾನೊಬ್ಳೇ.”

ನಮ್ಮ ವಿಮಾನ ಜೂನ್ ಹದಿನಾಲ್ಕಕ್ಕೆ. ಆಗಲೇ ಹೇಳಬೇಕಿತ್ತು. ಹೇಳಿದೆನೇ? ಇಪ್ಪತ್ತಾರು ವರ್ಷದಿಂದ ತರಬೇತಿ ಪಡೆದ ನಾಲಿಗೆ ನನ್ನನ್ನು ಕೇಳಲೇ ಇಲ್ಲ. “ಬನ್ನಿ ಬನ್ನಿ ಅತ್ತಿಗೆ! ಯಾವ ರೈಲು ಹೇಳಿ, ಸ್ಟೇಷನ್ನಿಗೆ ಇವರು ಬರ್ತಾರೆ,” ಎಂದುಬಿಟ್ಟಿತು. ದೆಹಲಿ ಕನ್ನಡಿಗರಿಗೆ ಮಾತ್ರ ಬರುವ ಕಾಯಿಲೆ ಇದು. ಇದಕ್ಕೆ ಯಾವ ಡಾಕ್ಟರೂ ಮಾತ್ರೆ ಬರೆದುಕೊಟ್ಟಿಲ್ಲ.

ನಮ್ಮ ಮನೆಯವರು ಬೆಂಡೆಕಾಯಿ ಹೆಚ್ಚುತ್ತಿದ್ದರು. ಚಾಕು ನಿಂತಿತು.

“ಅಕ್ಕ ಬರ್ತಾಳಂತಾ?”

“ಹದಿನೈದಕ್ಕೆ.”

“ನೀನೇನಂದೆ?”

“ಬನ್ನಿ ಅಂದೆ.”

“ಮತ್ತಿನ್ನೇನನ್ನೋಕಾಗುತ್ತೆ.” ಮತ್ತೆ ಬೆಂಡೆಕಾಯಿ. ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆಯೇ: “ನಿಧಿಗೆ ಹೇಳಿ ಟಿಕೆಟ್ ಕ್ಯಾನ್ಸಲ್ ಮಾಡ್ಸು.”

ನಿಧಿ ಅಲ್ಲೇ ಇದ್ದಳು. “ಪಪ್ಪಾ, ಆರ್ ಯೂ ಸೀರಿಯಸ್? ಅತ್ತೆ ಆಲ್ರೆಡಿ ಎರಡು ಸಲ ಬದರಿ ಹೋಗಿದಾರೆ ನಾ!”

“ಇನ್ನೊಂದ್ಸಲ ಹೋಗ್ಬೇಕು ಅನ್ಸಿದೆ. ದೇವರ ವಿಷ್ಯ.”

“ತೋ ನೀವು ಯಾವಾಗ ಹೋಗೋದು? ನೆಕ್ಸ್ಟ್ ಜೂನ್ ನೀವು ಇಲ್ಲಿ ಇರೋದೇ ಇಲ್ಲ. ಅಮ್ಮ ಇಷ್ಟು ಪ್ಲಾನ್ ಮಾಡಿದಾಳೆ, ಪದ್ಮಾ ಆಂಟಿ ರೂಮ್ ಖಾಲಿ ಇಟ್ಟಿದಾರೆ. ಒಂದು ಸಲ ‘ನೋ’ ಹೇಳೋಕೆ ಏನಾಗುತ್ತೆ?”

“ಬೆಟ್ಟ ತಾನೇ? ಮೈಸೂರಲ್ಲೂ ಇದೆ ಬಿಡು.”

ನಿಧಿ ಧಡಾರೆಂದು ಬಾಗಿಲು ಹಾಕಿಕೊಂಡಳು. ನನಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ತಾಯಿ ತೀರಿಕೊಂಡಾಗ ನಮ್ಮ ಮನೆಯವರಿಗೆ ಏಳು ವರ್ಷ, ಅತ್ತಿಗೆಗೆ ಹದಿನೈದು. ತಮ್ಮನ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಕಳುಹಿಸಿದವರು ಅವರು. ಆ ಕೈ ಕೇಳಿದ್ದನ್ನು ಇವರು ಇಲ್ಲವೆನ್ನಲಾರರು. ಇವರು ಇಲ್ಲವೆನ್ನಬೇಕೆಂದು ನಾನು ಬಯಸುವುದು ತಪ್ಪಲ್ಲವೇ? ಹಾಗಾದರೆ ನಮ್ಮ ಲೇಹ್ ಏನಾಗಬೇಕು? ಎರಡು ಪ್ರಶ್ನೆಗಳೂ ಸರಿ, ಎರಡಕ್ಕೂ ಒಂದೇ ಉತ್ತರ ಹೊಂದುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲು ತರಲು ಹೊರಟವಳು ಮೆಟ್ಟಿಲಲ್ಲಿ ನಿಂತುಬಿಟ್ಟೆ. ನಮ್ಮ ಮನೆಯವರು ಹತ್ತಿ ಬರುತ್ತಿದ್ದರು. ಬೆವರು ಸುರಿಯುತ್ತಿತ್ತು. ನನ್ನನ್ನು ಕಂಡವರೇ ಕದ್ದು ತಿನ್ನುವಾಗ ಸಿಕ್ಕಿಬಿದ್ದವರಂತೆ, “ಸುಮ್ನೆ, ಹಂಗೇ ವಾಕಿಂಗು,” ಎಂದರು.

ಟಿಕೆಟ್ ರದ್ದು ಮಾಡಿಸು ಎಂದವರು ಉಸಿರನ್ನು ಯಾಕೆ ಗಟ್ಟಿಮಾಡಿಕೊಳ್ಳುತ್ತಿದ್ದಾರೆ?

ಅಂದು ಅವರು ಆಫೀಸಿಗೆ ಹೋದ ಮೇಲೆ ತುಮಕೂರಿಗೆ ಫೋನು ಹಚ್ಚಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಮೊದಲು ಪೀಠಿಕೆ, ಅನಂತರ ಕಾರಣಗಳು, ಕೊನೆಯಲ್ಲಿ ವಿನಂತಿ. ಪೀಠಿಕೆ ಮುಗಿಯುವ ಮುನ್ನವೇ ಅತ್ತಿಗೆ ತಡೆದರು.

“ಪಾಠ ಮಾಡ್ಬೇಡ ವತ್ಸಲಾ. ವಿಷ್ಯ ಹೇಳು.”

“ನಾವು ಲೇಹ್‌ಗೆ ಹೊರಟಿದ್ದೀವಿ ಅತ್ತಿಗೆ. ನೀವು ಬರೋ ಹಿಂದಿನ ದಿನ.”

“ಅದೆಲ್ಲಿ ಬರುತ್ತೆ?”

“ಹಿಮಾಲಯದ ಆಚೆ. ತುಂಬಾ ಎತ್ತರದಲ್ಲಿರೋ ಹಳೇ ಊರು.”

“ಎಷ್ಟನೇ ಸಲ ಹೋಗ್ತಿರೋದು?”

“ಮೊದಲನೇ ಸಲ.”

“ಬದರಿಗೆ ಎಷ್ಟು ಸಲ ಹೋಗಿದ್ದೀರಿ?”

“ಹೋಗಿಲ್ಲ ಅತ್ತಿಗೆ.”

“ಹೋಗಿಲ್ವಾ?” ದನಿ ಒಮ್ಮೆಗೇ ಏರಿತು. “ಅಲ್ವೇ, ಬಸ್ಸಲ್ಲಿ ಯಾವ ಕಡೆ ಕೂತ್ರೆ ಹೊಳೆ ಕಾಣುತ್ತೆ, ಯಾವ ಊರಲ್ಲಿ ಟೀ ಚೆನ್ನಾಗಿರುತ್ತೆ, ಎಲ್ಲಾ ನೀನೇ ಹೇಳಿ ಕಳಿಸ್ತಿದ್ಯಲ್ಲ!”

“ಹೋಗಿಬಂದೋರು ಹೇಳ್ತಿದ್ರು. ನಾನು ಅದನ್ನ ಮುಂದಿನೋರಿಗೆ ಹೇಳ್ತಿದ್ದೆ.”

“ಜೊತೇಲಿ ಬನ್ರೋ ಅಂದ್ರೆ ‘ನೀವು ಹೋಗ್ಬನ್ನಿ, ನೀವು ಹೋಗ್ಬನ್ನಿ’ ಅಂತಿದ್ರಿ. ನೋಡೀ ನೋಡೀ ಸಾಕಾಗ್ಹೋಗಿದೆ ಇವ್ರಿಗೆ ಅಂತ ನಾವೆಲ್ಲ ಮಾತಾಡ್ಕೋತಿದ್ವಿ.”

ಆ ಕಡೆ ಗ್ರೈಂಡರು ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. “ಆಯ್ತು,” ಎಂದು ಫೋನು ಇಟ್ಟುಬಿಟ್ಟರು.

‘ಆಯ್ತು’ ಎಂದರೆ ಏನು? ಒಪ್ಪಿಗೆಯೇ, ಮುನಿಸೇ, ಸಂಬಂಧ ಮುಗಿಯಿತೆಂದೇ? ಆ ವಾರವಿಡೀ ತುಮಕೂರಿನಿಂದ ಸುದ್ದಿಯಿಲ್ಲ. ಭಾನುವಾರ ಬೆಳಿಗ್ಗೆ ತಪ್ಪದೆ ಬರುತ್ತಿದ್ದ ಫೋನೂ ಬರಲಿಲ್ಲ. ನಡೆದದ್ದನ್ನು ನಮ್ಮ ಮನೆಯವರಿಗೆ ಹೇಳಿದೆ. ಬಯ್ಯುತ್ತಾರೆಂದುಕೊಂಡೆ, ಬಯ್ಯಲಿಲ್ಲ. “ನೊಂದ್ಕೊಂಡಿದ್ದಾಳೆ,” ಎಂದಷ್ಟೇ ಹೇಳಿ ಪೇಪರು ಬಿಡಿಸಿದರು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೆಟ್ಟಿಲು ಹತ್ತುವುದು ನಿಂತಿತು. ಶರ್ಮಾಜಿ, “ಲಿಫ್ಟ್ ರಿಪೇರಿ ಆಯಿತೇ?” ಎಂದು ಕೇಳಿದರು.

ಮಂಗಳವಾರ ಸಂಜೆ ಅತ್ತಿಗೆಯ ಫೋನು. ಕುಶಲ ಪ್ರಶ್ನೆಯೂ ಇಲ್ಲ.

“ಟಿಕೆಟ್ ಬದಲಾಯಿಸ್ದೆ. ಎಂಟನೇ ತಾರೀಕಿಗೇ ಬರ್ತೀನಿ.”

ಬೇಗ ಬಂದು, ನಮ್ಮ ಪ್ರಯಾಣದ ಮೊದಲೇ ಬದರಿ ಮುಗಿಸುವ ಲೆಕ್ಕವೇ? “ಅತ್ತಿಗೆ, ಅಷ್ಟರೊಳಗೆ ಬದರಿಗೆ ಹೋಗಿಬರೋದು ಕಷ್ಟ. ಬಸ್ಸು ಸಿಗಲ್ಲ, ರಶ್ಶು...”

“ಬದರಿ ಯಾರಿಗೆ ಬೇಕಮ್ಮ?”

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಎರಡು ಸಲ ನೋಡಿದ್ದೀನಿ, ಸಾಲ್ದಾ? ಸೀನನ್ನ ನೋಡ್ಬೇಕು ಅನ್ಸುತ್ತೆ. ಹಂಗಂತ ‘ತಮ್ಮನ್ನ ನೋಡೋಕೆ ದಿಲ್ಲಿಗೆ ಹೋಗ್ತೀನಿ’ ಅಂದ್ರೆ ಈ ಮನೇಲಿ ನಡೆಯುತ್ತಾ? ಅಷ್ಟು ದೂರ, ಎರಡು ರಾತ್ರಿ ರೈಲು, ಯಾಕೆ, ಏನು, ಅವನೇ ಬರ್ತಾನಲ್ಲ ಅಂತ ನೂರೆಂಟು ಮಾತು. ಬದರಿ ಅಂದ್ರೆ ಒಬ್ರೂ ತುಟಿ ಬಿಚ್ಚಲ್ಲ. ಟಿಕೆಟ್ಟು ಅವ್ರೇ ತಂದ್ಕೊಡ್ತಾರೆ.” ಅತ್ತಿಗೆ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. “ಮೈಸೂರಿಗೆ ಬಂದ್ಮೇಲೆ ಬೇಕಾದಾಗೆಲ್ಲ ಬರಬಹುದು, ಅದು ಬೇರೆ. ನಮ್ಮ ಸೀನ ಇಷ್ಟು ವರ್ಷ ಇದ್ದ ಮನೇನ ಖಾಲಿ ಮಾಡೋ ಮುಂಚೆ ಒಂದ್ಸಲ ನೋಡೋಣ ಅಂತ ಹೊರಟೆ. ನೀವಿಲ್ದೆ ಇರೋವಾಗ ಮನೇಲಿ ನಿಧಿ ಒಬ್ಳೇ ಇರ್ತಾಳಲ್ಲ, ನಾನಿರ್ತೀನಿ. ನೀವು ಹೋಗ್ಬನ್ನಿ.”

ನೀವು ಹೋಗಿಬನ್ನಿ. ನಮ್ಮ ಬಾಗಿಲಿನಲ್ಲಿ ನಿಂತು ಎಷ್ಟು ನೂರು ಸಲ ನಾವು ಆಡಿದ ಮಾತು ಅದು! ಬೇರೊಬ್ಬರು ನಮಗೆ ಹೇಳಿದ್ದು ಅದೇ ಮೊದಲು. ರಿಸೀವರನ್ನು ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು, “ಹೂಂ ಅಕ್ಕಾ... ಹೂಂ... ಹೂಂ...” ಎನ್ನುತ್ತ ಬಾಲ್ಕನಿಯ ಕಡೆಗೆ ತಿರುಗಿ ನಿಂತರು. ನಿಧಿ ನನ್ನತ್ತ ನೋಡಿ ಕಣ್ಣಲ್ಲೇ ಏನೆಂದು ಕೇಳಿದಳು. ಆಮೇಲೆ ಹೇಳುತ್ತೇನೆಂದು ಕೈಯಾಡಿಸಿದೆ.

ಎಂಟಕ್ಕೆ ಅತ್ತಿಗೆ ಬಂದಿಳಿದರು. ಸ್ಟೇಷನ್ನಿನಿಂದ ಬರುವಾಗ ದಾರಿಯಲ್ಲಿ ಏಳುತ್ತಿರುವ ಮೆಟ್ರೋ ಕಂಬಗಳನ್ನು ಕಂಡು, “ಏನೋ ಸೀನ, ನೀನು ಹೊರಡೋ ಹೊತ್ತಿಗೆ ರೈಲು ಮನೆ ಬಾಗಿಲಿಗೆ ತರ್ತಿದ್ದಾರೆ,” ಎಂದರಂತೆ. ಆ ಐದಾರು ದಿನ ಅವರು ಎಲ್ಲಿಗೂ ಹೋಗಲಿಲ್ಲ. ಕೆಂಪುಕೋಟೆ ಬೇಡ, ಅಕ್ಷರಧಾಮ ಬೇಡ. ಸಂಜೆ ಮಹಡಿಯ ಮೇಲೆ ತಮ್ಮನನ್ನು ಕೂರಿಸಿಕೊಂಡು ಕೂದಲಿಲ್ಲದ ತಲೆಗೆ ಹರಳೆಣ್ಣೆ ತಟ್ಟಿದರು. ಅರವತ್ತರ ಹೊಸ್ತಿಲಲ್ಲಿರುವ ಸೆಕ್ಷನ್ ಆಫೀಸರು ಕಣ್ಣು ಮುಚ್ಚಿ ಕುಳಿತಿದ್ದರು. ನಾನು ಹತ್ತಿರ ಹೋಗದೆ ಒಗೆದ ಬಟ್ಟೆ ಎತ್ತಿಕೊಂಡು ಕೆಳಗಿಳಿದೆ.

ಉಳಿದ ಹೊತ್ತಿನಲ್ಲಿ ನಮ್ಮ ಪ್ರಯಾಣದ ಯಜಮಾನಿಕೆ ಅವರದೇ. ನಾನು ಜೋಡಿಸಿದ್ದ ಸೂಟ್‌ಕೇಸನ್ನು ಬಿಚ್ಚಿ ಮತ್ತೆ ತುಂಬಿದರು. “ಕಿವಿಗೆ ಹತ್ತಿ ಇಟ್ಕೊಳ್ಳಿ, ಬಿಸಿನೀರೇ ಕುಡೀರಿ, ಸಂಜೆ ಮೇಲೆ ಹೊರಗೆ ಹೋಗ್ಬೇಡಿ.” ಹೆಸರು ಕೇಳಿ ತಿಂಗಳೂ ಆಗಿರದ ಊರಿನ ಬಗ್ಗೆ ಅದೇನು ಅಧಿಕಾರ! (ಇದನ್ನು ಅವರು ಯಾರಿಂದ ಕಲಿತರೆಂದು ನಿಧಿ ಕೇಳಿದಳು. ನನಗೆ ಕೇಳಿಸಲಿಲ್ಲ.) ಆಂಗ್ಮೋಗೆಂದು ಒಂದು ಡಬ್ಬಿ ಚಟ್ನಿಪುಡಿ ಕುಟ್ಟಿಕೊಟ್ಟರು. ತರಕಾರಿಯ ಭಯ್ಯಾನಿಗೂ ತಮ್ಮ ಹಿಂದಿಯಲ್ಲಿ ಸುದ್ದಿ ಮುಟ್ಟಿಸಿದರು. “ಹಮಾರಾ ಸೀನ ಲೇಹ್ ಜಾತಾ ಹೈ. ಹವಾಯಿ ಜಹಾಜ್!” ವಿಮಾನ ಎಂದು ಕೇಳಿ ಭಯ್ಯಾ ಬೆರಗಾಗಿ ಒಂದು ಕಟ್ಟು ಕೊತ್ತಂಬರಿಯನ್ನು ಹೆಚ್ಚಿಗೆ ಹಾಕಿದನು.

ಲೇಹ್‌ನ ವಿಮಾನಗಳೆಲ್ಲ ಬೆಳಗಿನ ಜಾವದವು. ನೀವು ಏಳಬೇಡಿ ಎಂದರೂ ಕೇಳದೆ ಅತ್ತಿಗೆ ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಬಂದು ಕುಳಿತರು. ಏರ್‌ಪೋರ್ಟಿನ ಬಾಗಿಲಿನಲ್ಲಿ ಪೊಲೀಸಿನವನು ಟಿಕೆಟ್ ಇಲ್ಲದವರನ್ನು ತಡೆದ. ನಿಧಿಯ ಕೈ ಹಿಡಿದುಕೊಂಡು ಅವರು ಕಂಬಿಯ ಆಚೆ ನಿಂತರು. ನಮ್ಮ ಮನೆಯವರು ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗುತ್ತಿದ್ದರು.

“ಹೋಗೋ, ಮುಂದೆ ನೋಡ್ಕೊಂಡು ಹೋಗೋ!” ಎಂದು ಅತ್ತಿಗೆ ಅಲ್ಲಿಂದಲೇ ಕೂಗಿದರು. ಅಷ್ಟು ದೊಡ್ಡ ಏರ್‌ಪೋರ್ಟಿನಲ್ಲಿ ಅದೊಂದೇ ಕನ್ನಡ.

ಒಳಗೆ ಸಾಲಿನಲ್ಲಿ ನಿಂತಿದ್ದಾಗ ನನ್ನ ಮನಸ್ಸು ಬೇರೆಲ್ಲೋ ಇತ್ತು. ಹಿಂದೆ ನಮ್ಮ ಮನೆಗೆ ಬಂದುಹೋದವರು ಒಬ್ಬೊಬ್ಬರಾಗಿ ನೆನಪಾದರು. ಜೊತೆಯವರೆಲ್ಲ ಹರಿದ್ವಾರಕ್ಕೆ ಹೊರಟರೂ “ನಂಗೆ ಮಂಡಿ ನೋವು” ಎಂದು ಉಳಿದು, ಮೂರು ದಿನ ನನ್ನ ಜೊತೆ ಅಡುಗೆಮನೆಯ ನೆಲದ ಮೇಲೆ ಕುಳಿತು ಹುರುಳಿಕಾಯಿ ಬಿಡಿಸುತ್ತ ಹರಟಿದ ನನ್ನ ಚಿಕ್ಕಮ್ಮ. ಆಗ್ರಾವನ್ನು ಒಂದೇ ಗಂಟೆಯಲ್ಲಿ ಮುಗಿಸಿ ಬಂದು, ತಾಜಮಹಲಿನ ಬಗ್ಗೆ ಒಂದು ಮಾತೂ ಆಡದೆ, ನಮ್ಮ ಬಾಲ್ಕನಿಯಲ್ಲಿ ಇಡೀ ವಾರ ಕಳೆದ ಸೋದರಮಾವ. ಸ್ವೆಟರು ವಾಪಸ್ ಕೊಟ್ಟ ಮೇಲೂ ಹೊರಡದೆ ಹೊಸ್ತಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದ ಎಷ್ಟೋ ಜನ. ಅವರಿಗೆಲ್ಲ ನಾನು ಬಸ್ಸಿನ ಸೀಟಿನ ವಿಷಯ ವಿವರಿಸುತ್ತಿದ್ದೆ.

ನಮ್ಮ ಮನೆಗೆ ಬಂದುಹೋದ ಅಷ್ಟು ಮಂದಿಯಲ್ಲಿ ಬೆಟ್ಟ ನೋಡಲು ಬಂದವರು ಯಾರು, ನಮ್ಮನ್ನು ನೋಡಲು ಬಂದವರು ಯಾರು?